ತಕ್ಕಡಿ ಯಾರ ಕೈಲಿದೆ?



ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಒಂದು ಗಳಿಗೆ ಕೂತವರಿಗೆ ಈ ದೃಶ್ಯ ಹೊಸದಲ್ಲ. ಒಬ್ಬರು ಪೇಪರು ಬಿಡಿಸುತ್ತಾರೆ. ಒಳಪುಟದಲ್ಲಿ ಗದ್ದೆಯ ಮೇಲೆ ಹಾರುವ ಡ್ರೋನಿನ ಚಿತ್ರ, ಕೆಳಗೆ 'ರೈತನ ಬಾಳಿಗೆ ಹೊಸ ಬೆಳಕು' ಎಂಬ ತಲೆಬರಹ. ಕಾಲೇಜು ಓದಿದ ಹುಡುಗ, "ನೋಡ್ತಿರಿ ಮಾವ, ಇನ್ನು ಹತ್ತು ವರ್ಷದಲ್ಲಿ ಬೇಸಾಯ ಎಲ್ಲಾ ಮೊಬೈಲಲ್ಲೇ" ಅನ್ನುತ್ತಾನೆ. ಮೂಲೆಯಲ್ಲಿ ಕೂತ ಹಿರಿಯರು, "ಹೋಗಯ್ಯ, ಈ ಮೊಬೈಲು ಬಂದ ಮೇಲೇ ಕಾಲ ಕೆಟ್ಟಿದ್ದು, ಮಕ್ಕಳು ಹೊಲದ ಕಡೆ ತಿರುಗಿ ನೋಡಲ್ಲ" ಅನ್ನುತ್ತಾರೆ. ಮೂರನೆಯವರು ಟೀ ಲೋಟ ಕೆಳಗಿಟ್ಟು, "ಯಾವ್ದು ಬಂದ್ರೇನು, ಯಾವ್ದು ಹೋದ್ರೇನು, ನಮ್ಮ ಹಣೆಬರಹ ಇಷ್ಟೇ" ಎಂದು ಟವೆಲ್ ಕೊಡವಿ ಎದ್ದುಹೋಗುತ್ತಾರೆ.

ಈ ಮೂರು ಮಾತುಗಳನ್ನು ನಾನೂ ಆಡಿದ್ದೇನೆ, ನೀವೂ ಆಡಿದ್ದೀರಿ. ಮೂರೂ ತಪ್ಪು ಎಂದು ಹೇಳಲು ಈ ಬರಹ. ಮೊದಲನೆಯದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಎರಡನೆಯದು ನೆಗಡಿಗೆ ಮೂಗು ಕುಯ್ಯುವ ಮಾತು. ಮೂರನೆಯದೇ ಹೆಚ್ಚು ಅಪಾಯದ್ದು. ಯಾಕೆಂದರೆ ರೈತ 'ಹಣೆಬರಹ' ಅಂದ ದಿನ ವ್ಯಾಪಾರಿ, ಬ್ಯಾಂಕು, ಕಂಪನಿ ಮೂವರಿಗೂ ಹಬ್ಬ.

ಹೊಸ ಯಂತ್ರ, ಹೊಸ ಬೀಜ, ಹೊಸ ಆ್ಯಪ್ ಏನೇ ಬರಲಿ, ನಾವು ಕೇಳಬೇಕಾದ ಪ್ರಶ್ನೆ ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ತಕ್ಕಡಿ ಯಾರ ಕೈಲಿದೆ? ಅದು ತಪ್ಪಿದರೆ ನಷ್ಟ ಯಾರ ತಲೆಗೆ? ಲಾಭ ಬಂದರೆ ಅದು ನಮ್ಮ ಬೆಲೆಯಲ್ಲಿ ಕಾಣುತ್ತದೋ ಇಲ್ಲವೋ? ಈ ಮೂರು ಕೇಳದೆ ಬಾಯಿ ಚಪ್ಪರಿಸುವುದೂ ಬೇಡ, ಶಾಪ ಹಾಕುವುದೂ ಬೇಡ.

ನಗರದ ಪಂಡಿತರು ಒಂದು ಮಾತು ಆಡುತ್ತಾರೆ: ರೈತ ಹಳೇ ಕಾಲದವನು, ಹೊಸದನ್ನು ಕಂಡರೆ ಹೆದರುತ್ತಾನೆ ಅಂತ. ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಕಪಿಲೆ ಬಿಟ್ಟು ಪಂಪ್‌ಸೆಟ್ ಹಾಕಿದವರು ಯಾರು? ಟ್ರ್ಯಾಕ್ಟರ್, ಟಿಲ್ಲರ್, ಹನಿ ನೀರಾವರಿ, ಹೈಬ್ರಿಡ್ ಬೀಜ ಎಲ್ಲವನ್ನೂ ಸಾಲ ಮಾಡಿಯಾದರೂ ತಂದವರು ನಾವಲ್ಲವೇ? ಒಂದು ಉದಾಹರಣೆ ಸಾಕು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. 1970ರ ದಶಕದಲ್ಲಿ ಅದು ಹೊಲಕ್ಕೆ ಬಂದಾಗ ಯಾವ ಜಾಹೀರಾತೂ ಬೇಕಾಗಲಿಲ್ಲ. ಒಬ್ಬರ ಹೊಲದಲ್ಲಿ ತೆನೆ ನೋಡಿ ಇನ್ನೊಬ್ಬರು ಸೇರು ಬೀಜ ಇಸಕೊಂಡರು. ಮರುವರ್ಷ ಅವರ ಕಣದಿಂದ ಅವರ ಷಡ್ಡಕನ ಊರಿಗೆ ಹೋಯಿತು. ಜನ ಆ ವಿಜ್ಞಾನಿಯನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಅದೂ ತಂತ್ರಜ್ಞಾನವೇ ಸ್ವಾಮಿ! ಸರ್ಕಾರಿ ಫಾರ್ಮಿನಲ್ಲಿ ನಮ್ಮ ತೆರಿಗೆ ದುಡ್ಡಿನಲ್ಲಿ ಹುಟ್ಟಿದ್ದು. ಬೀಜ ನಮ್ಮ ಮನೆಯಲ್ಲೇ ಉಳಿಯಿತು. ಅದಕ್ಕಾಗಿ ವರ್ಷ ವರ್ಷ ಯಾರ ಅಂಗಡಿ ಬಾಗಿಲೂ ಕಾಯಬೇಕಾಗಲಿಲ್ಲ.

ಇನ್ನೊಂದು ಬೀಜದ ಕತೆ ಕೇಳಿ. 2002ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಮಾಹಿಕೊ–ಮಾನ್ಸಾಂಟೊ ಕಂಪನಿಯ ಬೀಜ. 450 ಗ್ರಾಂ ಪ್ಯಾಕೆಟ್ಟಿಗೆ 1,600 ರೂಪಾಯಿಗೂ ಮೇಲೆ. ಅದರಲ್ಲಿ ಬೀಜದ ಬೆಲೆಗಿಂತ ಕಂಪನಿಯ ತಂತ್ರಜ್ಞಾನದ ಹಕ್ಕಿನ ಶುಲ್ಕವೇ ಹೆಚ್ಚು. ನ್ಯಾಯವಾಗಿ ಹೇಳಬೇಕೆಂದರೆ ಮೊದಲ ವರ್ಷಗಳಲ್ಲಿ ಕಾಯಿಕೊರಕ ಹುಳ ಕಡಿಮೆಯಾಯಿತು, ಔಷಧಿ ಹೊಡೆಯುವುದೂ ತಗ್ಗಿತು. ಇದನ್ನು ಅಲ್ಲಗಳೆದರೆ ಹತ್ತಿ ಬೆಳೆದ ರೈತನೇ ನಗುತ್ತಾನೆ. ಆದರೆ 2010ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಬಿಟಿಗೆ ಜಗ್ಗುತ್ತಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಅದಕ್ಕೆ ಮದ್ದೆಂದು ಹೇಳಿದ ಎರಡನೇ ಬಿಟಿಗೂ ಕೆಲವೇ ವರ್ಷಗಳಲ್ಲಿ ಹುಳ ಒಗ್ಗಿಕೊಂಡಿತು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯಲು ಹೋದ ರೈತರು, ಕೂಲಿಗಳು ವಿಷವೇರಿ ಸತ್ತರು.

ಈಗ ಪ್ರಶ್ನೆ ಕೇಳಿ. ಹುಳ ಗೆದ್ದಾಗ ನಷ್ಟ ಯಾರದಾಯಿತು? ಕಂಪನಿ ಇಸಕೊಂಡ ಶುಲ್ಕ ವಾಪಸು ಕೊಟ್ಟಿತೇ? ಹೈಬ್ರಿಡ್ ಬೀಜವಾದ್ದರಿಂದ ಉಳಿಸಿ ಮತ್ತೆ ಬಿತ್ತುವಂತಿಲ್ಲ. ಹಳೇ ತಳಿ ಬೇಕೆಂದರೆ ಅಂಗಡಿಯಲ್ಲಿ ಸಿಗುವಂತಿಲ್ಲ. ಬೀಜದ ಬೆಲೆ ಇಳಿದದ್ದಾದರೂ ಹೇಗೆ? ತಂತ್ರಜ್ಞಾನ ತಾನೇ ಅಗ್ಗವಾಗಿ ಇಳಿಯಲಿಲ್ಲ. 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ತಡೆ ಆಯೋಗಕ್ಕೆ ದೂರು ಒಯ್ದು, ಪ್ಯಾಕೆಟ್ಟಿಗೆ 750 ರೂಪಾಯಿ ಎಂದು ಗಟ್ಟಿಯಾಗಿ ನಿಂತ ಮೇಲೆ ಇಳಿಯಿತು. 2016ರಲ್ಲಿ ಕೇಂದ್ರವೇ ಬೆಲೆ ಕಟ್ಟಬೇಕಾಯಿತು. 2020ರಲ್ಲಿ ಆ ಹಕ್ಕಿನ ಶುಲ್ಕ ಸೊನ್ನೆಯಾಯಿತು. ಅಂದರೆ ಅಷ್ಟು ವರ್ಷ ನಾವು ಕೊಟ್ಟದ್ದು ಬೀಜದ ಬೆಲೆಯಲ್ಲ, ನಾವು ಸುಮ್ಮನಿದ್ದುದರ ಬೆಲೆ.

ಇಂಡಾಫ್ ರಾಗಿಯೂ ವಿಜ್ಞಾನ, ಬಿಟಿ ಹತ್ತಿಯೂ ವಿಜ್ಞಾನ. ಒಂದರಲ್ಲಿ ತಕ್ಕಡಿ ನಮ್ಮ ಕೈಲಿತ್ತು. ಇನ್ನೊಂದರಲ್ಲಿ ಅವರ ಕೈಲಿತ್ತು. ಇಷ್ಟೇ ವ್ಯತ್ಯಾಸ. ಆದರೆ ಈ ವ್ಯತ್ಯಾಸವನ್ನು ಯಾವ ಪತ್ರಿಕೆಯ ತಂತ್ರಜ್ಞಾನ ಪುಟವೂ ಬರೆಯುವುದಿಲ್ಲ.

ಇನ್ನು ಕಂಪ್ಯೂಟರಿನ ವಿಷಯಕ್ಕೆ ಬನ್ನಿ. ನಮ್ಮ ರಾಜ್ಯದಲ್ಲಿ 'ಭೂಮಿ' ಯೋಜನೆ ಬಂದದ್ದು ಈ ಶತಮಾನದ ಆರಂಭದಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಅದಕ್ಕೆ ಮುಂಚೆ ಗ್ರಾಮ ಲೆಕ್ಕಿಗರ ಹಿಂದೆ ಅಲೆದವರಿಗೆ, ಅವರ ಜೇಬು ತುಂಬಿಸಿದವರಿಗೆ ಇದು ಸಣ್ಣ ವಿಷಯವಲ್ಲ. ದೇಶ ವಿದೇಶದವರು ಬಂದು ನೋಡಿಕೊಂಡು ಹೋದರು. ಸಂತೋಷ. ಆದರೆ ನೀವೇ ಹೇಳಿ: ಪಹಣಿ ತೆಗೆಯುವುದು ಒಂದು ನಿಮಿಷ, ಪಹಣಿಯಲ್ಲಿ ಬಿದ್ದ ತಪ್ಪು ತಿದ್ದಿಸುವುದು ಎಷ್ಟು ವರ್ಷ? ಅಪ್ಪನ ಹೆಸರಿನಲ್ಲಿ ಒಂದಕ್ಷರ ಆಚೀಚೆಯಾದರೆ, ಎರಡು ಗುಂಟೆ ಹೆಚ್ಚುಕಮ್ಮಿಯಾದರೆ, ತಾಲ್ಲೂಕು ಕಚೇರಿಯಿಂದ ಉಪವಿಭಾಗಾಧಿಕಾರಿ ಕಚೇರಿಗೆ, ಅಲ್ಲಿಂದ ವಕೀಲರ ಮನೆಗೆ. ಮೊದಲು ಲೆಕ್ಕಿಗ ತಪ್ಪು ಬರೆದರೆ ಅವನ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಈಗ "ಸಿಸ್ಟಂನಲ್ಲಿ ಹಾಗೇ ಇದೆ, ನಾವೇನು ಮಾಡೋಣ" ಅನ್ನುತ್ತಾರೆ. ಸಿಸ್ಟಂಗೆ ಕೊರಳಪಟ್ಟಿ ಇಲ್ಲವಲ್ಲ!

ಬೆಳೆ ವಿಮೆಯದೂ ಇದೇ ರಾಗ. 2016ರ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ನೂರಕ್ಕೆ 2 ನಮ್ಮ ಕಂತು. ಕಟ್ಟುತ್ತೇವೆ. ಹೊಲದಲ್ಲಿ ಏನು ಬೆಳೆ ಇದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದು ಬೆಳೆ ಸಮೀಕ್ಷೆ ಆ್ಯಪಿಗೆ ಹಾಕುತ್ತಾರೆ. ರೈತರೇ ಹಾಕಬಹುದು. ಇಲ್ಲವಾದರೆ ಊರಿನ ಯಾವನೋ ಹುಡುಗ ಪ್ಲಾಟಿಗಿಷ್ಟು ಎಂದು ದುಡ್ಡಿಗೆ ಹಾಕುತ್ತಾನೆ. ನಮ್ಮ ಪಕ್ಕದ ಊರಿನ ಒಬ್ಬರು ರಾಗಿಗೆ ಕಂತು ಕಟ್ಟಿದ್ದರು. ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ಒಂದು ಫೋಟೋ ತೆಗೆದು 'ತೊಗರಿ' ಎಂದು ಒತ್ತಿ ಹೋದ. ಸಾಲಿಗೆ ಹಾಕಿದ್ದ ತೊಗರಿ ಅವನ ಕಣ್ಣಿಗೆ ಬಿತ್ತು, ರಾಗಿ ಒಣಗಿ ನೆಲ ಕಚ್ಚಿತ್ತು, ಕಾಣಲಿಲ್ಲ. ವಿಮೆ ಬಂತೇ? 'ಬೆಳೆ ತಾಳೆಯಾಗಿಲ್ಲ.' ಬೆಳೆ ಹೋದ ಕಾರಣಕ್ಕೇ ವಿಮೆಯೂ ಹೋಯಿತು ನೋಡಿ! ಆ ಮನುಷ್ಯ ಕಚೇರಿಯಿಂದ ಕಚೇರಿಗೆ ಅಲೆದು ಬಸ್ ಚಾರ್ಜಿಗೆ ಸುರಿದ ದುಡ್ಡು ಅವರ ಕಂತಿಗಿಂತ ಹೆಚ್ಚು.

ಫೋಟೋ ತೆಗೆಯುವುದು ತಪ್ಪಲ್ಲ ಬಂಧುಗಳೇ. ಫೋಟೋ ತಪ್ಪಾದರೆ ತಿದ್ದುವ ಅಧಿಕಾರ ಬೆಳೆದವನ ಕೈಲಿ ಇರಬೇಕೋ ಬೇಡವೋ? ತಪ್ಪು ಮಾಡಿದವರು ದಂಡ ತೆರಬೇಕೋ, ತಪ್ಪಿಗೆ ಸಿಕ್ಕವರೋ?

ಈಗ ಕಬ್ಬಿನ ತಕ್ಕಡಿ ನೋಡೋಣ. ಇಲ್ಲಿ ತಕ್ಕಡಿ ಬರೀ ಮಾತಿಗೆ ಹೇಳುವ ತಕ್ಕಡಿಯಲ್ಲ, ನಿಜವಾದ ತಕ್ಕಡಿಯೇ. ಬೆಳಗಾವಿ, ಬಾಗಲಕೋಟೆ ಕಡೆಯವರು ಅದನ್ನು ಕಾಟಾ ಅನ್ನುತ್ತಾರೆ. ಹಿಂದೆ ಕಲ್ಲಿನ ತೂಕ, ಈಗ ಎಲೆಕ್ಟ್ರಾನಿಕ್. ಕೆಂಪು ಅಂಕಿ ಮಿನುಗುತ್ತದೆ, ಚೀಟಿ ಬರುತ್ತದೆ. ನೋಡಲು ಬಹಳ ಚೆಂದ. ಆದರೆ ಕಾಟಾ ಕಾರ್ಖಾನೆಯದು, ಅದನ್ನು ಒತ್ತುವವನು ಕಾರ್ಖಾನೆಯವನು. ತೂಕವಾದ ಮೇಲೆ ಸಕ್ಕರೆ ಇಳುವರಿ ಲೆಕ್ಕ. ಅದನ್ನು ಅಳೆಯುವ ಲ್ಯಾಬೂ ಕಾರ್ಖಾನೆಯದೇ. 2025–26ರ ಹಂಗಾಮಿಗೆ ಕೇಂದ್ರ ಕಟ್ಟಿದ ದರ ಶೇ. 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ ಶೇ. 0.1 ಇಳಿದರೆ ಟನ್ನಿಗೆ 34 ರೂಪಾಯಿ 60 ಪೈಸೆ ಖೋತಾ. ಲೆಕ್ಕ ಹಾಕಿ: 10.25ರ ಬದಲು 9.75 ಎಂದು ಬರೆದರೆ ಟನ್ನಿಗೆ 173 ರೂಪಾಯಿ ಹೋಯಿತು. ಎಕರೆಗೆ 40 ಟನ್ ಬೆಳೆದವನಿಗೆ 6,920 ರೂಪಾಯಿ. ಕಟಾವು, ಸಾಗಾಣಿಕೆಯ ಮುರಿತ ಬೇರೆ. ಎಲೆಕ್ಟ್ರಾನಿಕ್ ಯಂತ್ರ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ. ಸರಿ, ಹೇಳುವುದಿಲ್ಲ ಎಂದೇ ಇಟ್ಟುಕೊಳ್ಳಿ. ಹಾಗಾದರೆ ಅದೇ ಯಂತ್ರವನ್ನು ಕಾರ್ಖಾನೆ ಗೇಟಿನ ಹೊರಗೆ, ರೈತರ ಕಣ್ಣೆದುರಿಗೆ, ರೈತರ ಸಂಘದ ಕೈಗೆ ಕೊಟ್ಟು ಇಡಲು ಯಾಕೆ ಹಿಂಜರಿಕೆ? 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಇಳಿದರು. 3,500 ಕೇಳಿದರು, ಕಡೆಗೆ 3,300ಕ್ಕೆ ಒಪ್ಪಂದವಾಯಿತು. ಆ ದರ ಯಾವ ಆ್ಯಪಿನಿಂದಲೂ ಬರಲಿಲ್ಲ. ಚಳಿಯಲ್ಲಿ ರಸ್ತೆ ಮೇಲೆ ಮಲಗಿದವರಿಂದ ಬಂತು.

ಅದೇ ತಿಂಗಳು ಮೆಕ್ಕೆಜೋಳದವರ ಗತಿ ಏನಾಯಿತು? ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ಎಂದು ಕೇಂದ್ರ ಘೋಷಿಸಿತ್ತು. ಮಾರುಕಟ್ಟೆಯಲ್ಲಿ 1,600ರಿಂದ 1,800. ನಡುವಿನ 1,700 ಎಂದೇ ಹಿಡಿಯಿರಿ, ಕ್ವಿಂಟಾಲಿಗೆ 700 ಖೋತಾ. ಎಕರೆಗೆ 20 ಕ್ವಿಂಟಾಲ್ ಎಂದರೆ 14,000 ರೂಪಾಯಿ. ನಮ್ಮ ರಾಜ್ಯದಲ್ಲಿ ಆನ್‌ಲೈನ್ ಮಾರುಕಟ್ಟೆ 2014ರಲ್ಲೇ ಬಂದಿದೆ. ಕೇಂದ್ರದ ಇ–ನಾಮ್ 2016ರ ಏಪ್ರಿಲ್ 14ರಂದು ಶುರುವಾಯಿತು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ ಕಾಲಕ್ಕಿಂತ ಇದು ಮೇಲು, ಒಪ್ಪಿದೆ. ಯಾವ ಮಾರುಕಟ್ಟೆಯಲ್ಲಿ ಎಷ್ಟು ದರ ಎಂದು ಮೊಬೈಲಿನಲ್ಲೇ ಕಾಣುತ್ತದೆ. ಆದರೆ ಬೆಲೆ ತಿಳಿಯುವುದು ಬೇರೆ, ಬೆಲೆ ಸಿಗುವುದು ಬೇರೆ. ಕೊಯ್ದ ಮಾಲು ಮಳೆಯಲ್ಲಿ ನೆನೆಯುತ್ತಿರುವಾಗ, ಇಡಲು ಗೋದಾಮಿಲ್ಲದಾಗ, ಸಾಲದ ಕಂತು ತಲೆಮೇಲಿರುವಾಗ, ಮೊಬೈಲು ತೋರಿಸುವ ದರ ಊಟದ ಎಲೆಯ ಚಿತ್ರ ತೋರಿಸಿದಂತೆ. ಹೊಟ್ಟೆ ತುಂಬುವುದಿಲ್ಲ.

ಸಾಲದ ಮಾತು ಬಂತು. ಒಂದು ಕಾಲವಿತ್ತು, ಸಾಲ ವಸೂಲಿಗೆ ಜೀಪು ಬರುತ್ತಿತ್ತು, ಅಮೀನ ಬರುತ್ತಿದ್ದ, ಬಾಗಿಲು ಕಿತ್ತು ಹೋಗುತ್ತಿದ್ದರು. 1980ರ ದಶಕದಲ್ಲಿ ರೈತರು ಒಗ್ಗಟ್ಟಾಗಿ, ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಕ್ಕೆ ಬರಕೂಡದೆಂದು ಊರಬಾಗಿಲಲ್ಲಿ ಬೋರ್ಡು ನೆಟ್ಟರು. ಜೀಪು ನಿಂತಿತು. ಇವತ್ತು ಜೀಪೇ ಬೇಕಾಗಿಲ್ಲ. 2023ರ ಬರ ನೆನಪಿದೆಯಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮರುವರ್ಷ ಪರಿಹಾರದ ಹಣ ನೇರ ಖಾತೆಗೆ ಬಂತು. ಮಧ್ಯವರ್ತಿ ಇಲ್ಲ, ಲಂಚ ಇಲ್ಲ, ಒಳ್ಳೆಯದೇ. ಆದರೆ ಎಷ್ಟೋ ಕಡೆ ಬ್ಯಾಂಕಿನವರು ಅದೇ ಖಾತೆಯಲ್ಲೇ ಹಣ ಹಿಡಿದು ಸಾಲಕ್ಕೆ ಜಮೆ ಮಾಡಿಕೊಂಡರು. ಹಾಗೆ ಮಾಡಕೂಡದೆಂದು ಸರ್ಕಾರವೇ ಸೂಚನೆ ಕೊಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು? ಊರಬಾಗಿಲ ಬೋರ್ಡು ಜೀಪನ್ನು ತಡೆದೀತು, ಖಾತೆಯೊಳಗೆ ನಡೆಯುವ ಜಪ್ತಿಯನ್ನು ಯಾವ ಬೋರ್ಡು ತಡೆದೀತು?

ಸಾಲ ಕೇಳಲು ಹೋದರೆ 'ಸಿಬಿಲ್' ಎಂಬ ಮಂತ್ರ. 300ರಿಂದ 900ರ ನಡುವೆ ಒಂದು ಅಂಕಿ. ಅಂಕಿ ಕಟ್ಟುವ ಕಂಪನಿಯ ಬಹುಪಾಲು ಒಡೆತನ ಅಮೆರಿಕದ ಕಂಪನಿಯದು. ಕಂತು ತಪ್ಪಿತೋ ಇಲ್ಲವೋ ಎಂದು ಅದು ನೋಡುತ್ತದೆ. ಮಳೆ ಬಂತೋ ಇಲ್ಲವೋ ಎಂದು ನೋಡುತ್ತದೆಯೇ? ಈರುಳ್ಳಿಗೆ ಬೆಲೆ ಬರುವ ಹೊತ್ತಿಗೆ 2023ರ ಡಿಸೆಂಬರಿನಲ್ಲಿ ರಫ್ತು ನಿಷೇಧಿಸಿದ್ದು ಸರ್ಕಾರ. ಕಂತು ತಪ್ಪಿದ್ದು ರೈತನದು. ಅಂಕಿ ಇಳಿದದ್ದು ರೈತನದು. ಸರ್ಕಾರಕ್ಕೊಂದು ಸಿಬಿಲ್ ಅಂಕಿ ಇದೆಯೇ? ರಿಸರ್ವ್ ಬ್ಯಾಂಕು 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಬೇಡ ಅಂದಿತು. ಅಡಮಾನ ಬೇಡ ಅಂದವರು ಅಂಕಿಯನ್ನು ಅಡ್ಡ ಇಟ್ಟರೆ ಕೊಟ್ಟ ಕೈಯಲ್ಲೇ ಕಿತ್ತುಕೊಂಡ ಹಾಗಲ್ಲವೇ? ಬ್ಯಾಂಕಿನಲ್ಲಿ ಆಗದವನು ಸಂಜೆಯೊಳಗೆ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ.

ಹವಾಮಾನದ ಸುದ್ದಿಯನ್ನೂ ನೋಡಿ. 2025ರ ಮುಂಗಾರಿಗೆ ಕೃತಕ ಬುದ್ಧಿಮತ್ತೆಯಿಂದ ಮಳೆ ಯಾವಾಗ ಬರುತ್ತದೆಂದು ಲೆಕ್ಕ ಹಾಕಿ 13 ರಾಜ್ಯಗಳ ಸುಮಾರು 3 ಕೋಟಿ 80 ಲಕ್ಷ ರೈತರ ಮೊಬೈಲಿಗೆ ಕಳಿಸಿದರು. ಬಿತ್ತನೆ ದಿನ ಗೊತ್ತಾದರೆ ಒಂದು ಬಿತ್ತನೆ ಬೀಜದ ದುಡ್ಡು ಉಳಿದೀತು. ಇಂಥದ್ದು ಬೇಕು, ಇನ್ನಷ್ಟು ಬರಲಿ. ಆದರೆ ಅದಕ್ಕೆ ಹಿಂದಿನ ವರ್ಷ, 2024ರಲ್ಲಿ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಿದರು. ವಾರಕ್ಕೆರಡು ಸಲ, ಮಂಗಳವಾರ ಶುಕ್ರವಾರ, ನಮ್ಮ ಜಿಲ್ಲೆಯ ಬೆಳೆ, ನಮ್ಮ ಭಾಷೆ ನೋಡಿಕೊಂಡು ಸಲಹೆ ಕೊಡುತ್ತಿದ್ದವರು ಅವರು. ಯಂತ್ರ ಬಂತೆಂದು ಮನುಷ್ಯನನ್ನು ಕಳಿಸಿದರೆ, ಯಂತ್ರದ ಮಾತು ತಪ್ಪಿದ ದಿನ ಯಾರನ್ನು ಕೇಳೋಣ?

ಕಡೆಗೆ ಆ ಡ್ರೋನಿಗೇ ಬರುತ್ತೇನೆ. 2023ರ ನವೆಂಬರಿನಲ್ಲಿ ಕೇಂದ್ರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದೆಂದು ತೀರ್ಮಾನಿಸಿತು. ನೂರಕ್ಕೆ 80 ಸಹಾಯಧನ, ಗರಿಷ್ಠ 8 ಲಕ್ಷ. ಔಷಧಿ ಹೊಡೆಯುವವನ ಮೈಗೆ ವಿಷ ತಾಕದಿದ್ದರೆ ಯವತಮಾಳದಂಥ ಸಾವು ತಪ್ಪೀತು. ನಮ್ಮ ಹೆಣ್ಣುಮಕ್ಕಳು ಅದನ್ನು ಹಾರಿಸಿದರೆ ನನಗೆ ಹೆಮ್ಮೆಯೇ. ಆದರೆ ಉಳಿದ ದುಡ್ಡು ಸಂಘದ ತಲೆಮೇಲಿನ ಸಾಲ. ಬ್ಯಾಟರಿ ಹೋದರೆ, ರೆಕ್ಕೆ ಮುರಿದರೆ ರಿಪೇರಿ ಯಾರದು? ಎಕರೆಗೆ ಇಷ್ಟು ಎಂದು ಕೊಡುವ ಬಾಡಿಗೆ ನಮ್ಮ ಬೇಸಾಯದ ಖರ್ಚಿಗೆ ಸೇರುತ್ತದೆ. ಆ ಖರ್ಚು ಬೆಂಬಲ ಬೆಲೆ ಕಟ್ಟುವಾಗ ಲೆಕ್ಕಕ್ಕೆ ಬರುತ್ತದೆಯೇ? 2006ರಲ್ಲೇ ಸ್ವಾಮಿನಾಥನ್ ಆಯೋಗ ಬೇಸಾಯದ ಸರಾಸರಿ ಖರ್ಚಿನ ಮೇಲೆ ಅದರ ಅರ್ಧ ಸೇರಿಸಿ ಬೆಲೆ ಕಟ್ಟಿ ಅಂದಿತು. ಸರ್ಕಾರ ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಬಿಟ್ಟು, ಕೈಖರ್ಚು ಮತ್ತು ಮನೆಯವರ ದುಡಿಮೆಯನ್ನು ಮಾತ್ರ ಹಿಡಿದು ಲೆಕ್ಕ ಹಾಕುತ್ತಿದೆ. ಡ್ರೋನು ಆಕಾಶದಲ್ಲಿ ಹಾರಿದರೂ ಬೆಲೆ ನೆಲದಲ್ಲೇ ತೆವಳಿದರೆ ಪೇಪರಿನವರಿಗೆ ಚಿತ್ರ ಸಿಕ್ಕಿತು, ನಮಗೆ ಸಾಲ ಸಿಕ್ಕಿತು.

ಆದ್ದರಿಂದ ಬಂಧುಗಳೇ, ನಾಳೆ ಹೋಟೆಲಿನಲ್ಲಿ ಪೇಪರು ಬಿಡಿಸಿದಾಗ ಈ ಮಾತು ಶುರು ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಬೆಳೆ ಸಮೀಕ್ಷೆಯ ಪಟ್ಟಿಯನ್ನು ಸರ್ವೆ ನಂಬರುವಾರು ಗಟ್ಟಿಯಾಗಿ ಓದಿಸಿ. ತಪ್ಪಿದ್ದರೆ ಅಲ್ಲೇ ಬರೆಸಿ, ಸಹಿ ಹಾಕಿಸಿ. ನಿಮ್ಮ ಮೊಬೈಲಿನಲ್ಲಿ ನಿಮ್ಮ ಹೊಲದ ಫೋಟೋ ನೀವೇ ತೆಗೆದು ಇಟ್ಟುಕೊಳ್ಳಿ, ಯಂತ್ರ ಅವರಿಗೆ ಮಾತ್ರ ಸಾಕ್ಷಿಯಲ್ಲ. ಕಬ್ಬಿನ ಗಾಡಿ ಕಾರ್ಖಾನೆಗೆ ಹೋಗುವ ಮುಂಚೆ ಹೊರಗಿನ ಕಾಟಾದಲ್ಲಿ ತೂಗಿಸಿ, ಚೀಟಿ ಕೂಡಿಡಿ, ಹತ್ತು ಜನರ ಚೀಟಿ ಸೇರಿಸಿ ಕೇಳಿ. ಪರಿಹಾರದ ಹಣ ಸಾಲಕ್ಕೆ ಹಿಡಿದರೆ ಒಬ್ಬರೇ ಹೋಗಿ ಕೈಮುಗಿಯಬೇಡಿ, ಊರೆಲ್ಲ ಸೇರಿ ಹೋಗಿ ಬರವಣಿಗೆಯಲ್ಲಿ ಉತ್ತರ ಕೇಳಿ. ಆ ಓದಿದ ಹುಡುಗ ಇದ್ದಾನಲ್ಲ, ಅವನನ್ನು ಬಯ್ಯಬೇಡಿ, ಜೊತೆಗೆ ಕರೆದುಕೊಳ್ಳಿ. ಅವರ ಸಿಸ್ಟಂ ಓದಲು ಬರುವವನು ನಮ್ಮಲ್ಲಿ ಒಬ್ಬ ಬೇಕು.

ಊರಬಾಗಿಲಲ್ಲಿ ಬೋರ್ಡು ನೆಟ್ಟವರ ಮಕ್ಕಳು, ಮೊಮ್ಮಕ್ಕಳು ನಾವು. ಅವತ್ತು ತಡೆದದ್ದು ಜೀಪನ್ನು. ಇವತ್ತು ಕೇಳಬೇಕಾದದ್ದು ತಕ್ಕಡಿಯನ್ನು. ಅದನ್ನು ನಮ್ಮ ಕಣ್ಣೆದುರಿಗೆ ಇಡಿ, ನಮ್ಮ ಪೂರ್ತಿ ಖರ್ಚು ಹಾಕಿ ತೂಗಿ. ಆಮೇಲೆ ಎಷ್ಟು ಡ್ರೋನ್ ಬೇಕಾದರೂ ಹಾರಿಸಿ, ನಾವೇ ಬಂದು ಹಾರಿಸುತ್ತೇವೆ.